ಐಕಾನ್ ಒತ್ತಿದವರ ತಪ್ಪಲ್ಲ

ಡೆಸ್ಕ್‌ಟಾಪಿನ ಮೇಲಿನ ಐಕಾನ್ ಒತ್ತಿದಾಗ ಸಾಫ್ಟ್‌ವೇರ್ ತೆರೆಯಲಿಲ್ಲ ಎಂದರೆ, ಅಥವಾ ತೆರೆದೂ ಹಳೆಯ ಲೆಕ್ಕವನ್ನೆಲ್ಲ ಖಾಲಿ ತೋರಿಸಿತು ಎಂದರೆ, ಮೊದಲು ಬೈಸಿಕೊಳ್ಳುವವರು ಆ ಐಕಾನ್ ಒತ್ತಿದವರು. “ಏನೋ ಒತ್ತಿರ್ತೀಯ”, “ಏನೋ ಡಿಲೀಟ್ ಮಾಡಿರ್ತೀಯ”. ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನಾನು ಈ ಮಾತನ್ನು ದಲಾಲಿ ಅಂಗಡಿಗಳಲ್ಲಿ, ಸೊಸೈಟಿಗಳಲ್ಲಿ, ಔಷಧಿ ಅಂಗಡಿಗಳಲ್ಲಿ ಕೇಳುತ್ತಲೇ ಬಂದಿದ್ದೇನೆ. ಹೇಳಿಸಿಕೊಳ್ಳುವವರು ಹೆಚ್ಚಾಗಿ ಕಡಿಮೆ ಸಂಬಳಕ್ಕೆ ಲೆಕ್ಕ ಬರೆಯುವ ಹುಡುಗಿಯರು. ತಪ್ಪು ಅವರದಲ್ಲ, ಸಾಫ್ಟ್‌ವೇರ್ ಬರೆದುಕೊಟ್ಟವರದು. ಅದನ್ನು ಸ್ಪಷ್ಟವಾಗಿ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ಮಳೆ ಹಿಡಿಯುವ ಮೊದಲು ಒಂದು ಅಡಿಕೆ ದಲಾಲಿ ಅಂಗಡಿಯಿಂದ ಫೋನು ಬಂತು. “ತಂಗೀ, ಕಂಪ್ಯೂಟರಲ್ಲಿ ಹಳೆ ಲೆಕ್ಕ ಒಂದೂ ಇಲ್ಲೆ, ಬೇಗ ಬಾ” ಎಂದರು ಯಜಮಾನರು. ಹೋದಾಗ ಬೆಂಚಿನ ಮೇಲೆ ಒಬ್ಬ ರೈತರು ಕೂತಿದ್ದರು. ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು, ಮೈಲುತುತ್ತ ತರಬೇಕು, ಮರ ಹತ್ತುವವರಿಗೆ ಮುಂಗಡ ಕೊಡಬೇಕು. ಅದಕ್ಕಾಗಿ ತಮ್ಮ ಖಾತೆಯಿಂದ ಹಣ ತೆಗೆಯಲು ಬಂದಿದ್ದರು. ಚಾಲಿ ಅಡಿಕೆ ಮಾರಿದ ದುಡ್ಡು ಅಂಗಡಿಯಲ್ಲೇ ಜಮಾ ಇತ್ತು. ಪರದೆಯ ಮೇಲೆ ಮಾತ್ರ ಅವರ ಹೆಸರೇ ಇಲ್ಲ. ಲೆಕ್ಕ ಬರೆಯುವ ಹುಡುಗಿ ಅಳು ತಡೆದುಕೊಂಡು ನಿಂತಿದ್ದಳು. “ಅಕ್ಕಾ, ನಾನು ಏನೂ ಅಳಿಸಲಿಲ್ಲ. ಐಕಾನ್ ಕಾಣಲಿಲ್ಲ ಅಂತ ಹೊಸದು ಹಾಕಿಕೊಂಡೆ, ಅಷ್ಟೇ.”

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಸಾಫ್ಟ್‌ವೇರ್ ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ಉಪಕರಣದಲ್ಲಿ ಬರೆದದ್ದು. ಪ್ರೋಗ್ರಾಮಿನ ಫೈಲು ಒಂದು ಫೋಲ್ಡರಿನಲ್ಲಿದೆ. ಪ್ರತಿ ಆರ್ಥಿಕ ವರ್ಷದ ಲೆಕ್ಕಕ್ಕೆ ಬೇರೆ ಬೇರೆ ಫೋಲ್ಡರ್. ಡೆಸ್ಕ್‌ಟಾಪಿನ ಮೇಲೆ ಹೋದ ವರ್ಷದ್ದು, ಈ ವರ್ಷದ್ದು ಎಂದು ಎರಡು ಐಕಾನ್. ಎರಡೂ ತೆರೆಯುವುದು ಒಂದೇ ಪ್ರೋಗ್ರಾಮನ್ನು. ವ್ಯತ್ಯಾಸ ಇರುವುದು ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಕಾಣುವ ‘ಸ್ಟಾರ್ಟ್ ಇನ್’ ಎಂಬ ಒಂದೇ ಒಂದು ಸಾಲಿನಲ್ಲಿ. ಅಲ್ಲಿ ಯಾವ ಫೋಲ್ಡರ್ ಬರೆದಿದೆಯೋ ಆ ವರ್ಷದ ಲೆಕ್ಕ ಪರದೆಗೆ ಬರುತ್ತದೆ. ಬರೆದವರು ಹೀಗೆ ಮಾಡಿಟ್ಟು ಹೋಗಿದ್ದರು. ಯಾರಿಗೂ ಹೇಳಿರಲಿಲ್ಲ, ಎಲ್ಲೂ ಬರೆದಿಟ್ಟಿರಲಿಲ್ಲ.

ಡೆಸ್ಕ್‌ಟಾಪ್ ಚೊಕ್ಕ ಮಾಡುವಾಗ ಯಾರೋ ಈ ವರ್ಷದ ಐಕಾನ್ ತೆಗೆದುಹಾಕಿದ್ದರು. ಹುಡುಗಿ ಪ್ರೋಗ್ರಾಮಿನ ಫೈಲನ್ನು ಹುಡುಕಿ, ರೈಟ್ ಕ್ಲಿಕ್ ಮಾಡಿ, ಡೆಸ್ಕ್‌ಟಾಪಿಗೆ ಶಾರ್ಟ್‌ಕಟ್ ಕಳಿಸಿಕೊಂಡಳು. ಕಂಪ್ಯೂಟರ್ ತರಗತಿಯಲ್ಲಿ ಹೇಳಿಕೊಡುವುದೂ ಅದನ್ನೇ, ನಾನಾದರೂ ಮಾಡುವುದು ಅದನ್ನೇ. ಹಾಗೆ ಮಾಡಿದಾಗ ವಿಂಡೋಸ್ ತಾನಾಗಿಯೇ ‘ಸ್ಟಾರ್ಟ್ ಇನ್’ ಜಾಗದಲ್ಲಿ ಪ್ರೋಗ್ರಾಂ ಇರುವ ಫೋಲ್ಡರಿನ ಹೆಸರನ್ನು ತುಂಬುತ್ತದೆ. ಆ ಫೋಲ್ಡರಿನಲ್ಲಿ ಯಾವ ವರ್ಷದ ಲೆಕ್ಕವೂ ಇಲ್ಲ. ಪ್ರೋಗ್ರಾಂ ಖಾತೆಯ ಫೈಲುಗಳನ್ನು ಹುಡುಕಿತು, ಸಿಗಲಿಲ್ಲ. ಆಗ ಅದು ಕೂಗಬೇಕಿತ್ತು. ಕೂಗಲಿಲ್ಲ. ಹೊಸ ಖಾಲಿ ಫೈಲುಗಳನ್ನು ತಾನೇ ಮಾಡಿಕೊಂಡು, ಏನೂ ಆಗದ ಹಾಗೆ ತೆರೆದುಕೊಂಡಿತು. ಬೆಳಿಗ್ಗೆ ಬಂದ ರೈತರ ಹೆಸರು ಸಿಗದೆ ಅವಳು ಅವರನ್ನು ಹೊಸದಾಗಿ ಸೇರಿಸಿ ಬಿಲ್ಲು ಮಾಡಿದ್ದಳು. ಅವು ತಪ್ಪು ಜಾಗದಲ್ಲಿ ಕೂತವು.

ಪ್ರಾಪರ್ಟೀಸಿನಲ್ಲಿ ಈ ವರ್ಷದ ಫೋಲ್ಡರಿನ ವಿಳಾಸ ತುಂಬಿ ತೆರೆದೆ. ಎಲ್ಲ ಇತ್ತು. ಬೆಂಚಿನ ಮೇಲಿದ್ದವರ ಜಮೆಯೂ ಪೈಸೆ ಸಹಿತ ಇತ್ತು. ಬೆಳಗಿನ ಬಿಲ್ಲುಗಳನ್ನು ಸಂಜೆ ಕೂತು ಕೈಯಿಂದ ಮತ್ತೆ ಹೊಡೆದದ್ದಾಯಿತು. ಆದರೆ ಆ ಹುಡುಗಿಗೆ ಅಂದ ಮಾತುಗಳನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಾಫ್ಟ್‌ವೇರ್ ಬರೆದವರಿಗೆ ಯಾರೂ ಏನೂ ಅನ್ನಲೂ ಇಲ್ಲ.

ಒಳಗೆ ನಡೆಯುವುದು ಇಷ್ಟು. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ‘ವರ್ಕಿಂಗ್ ಡೈರೆಕ್ಟರಿ’ ಎಂಬ ಒಂದು ಫೋಲ್ಡರ್ ಇರುತ್ತದೆ. ಆ ಹೊತ್ತಿಗೆ ಪ್ರೋಗ್ರಾಂ ಅಲ್ಲಿ ನಿಂತಿದೆ ಎಂದು ಲೆಕ್ಕ. ಫೈಲಿನ ಪೂರ್ತಿ ವಿಳಾಸ ಕೊಡದೆ ಬರೀ ಹೆಸರು ಹೇಳಿದರೆ, ಪ್ರೋಗ್ರಾಂ ಅದನ್ನು ತಾನು ನಿಂತ ಫೋಲ್ಡರಿನಲ್ಲಿ ಹುಡುಕುತ್ತದೆ. “ಬಲಕ್ಕೆ ತಿರುಗಿ ಮೂರನೇ ಮನೆ” ಎಂದು ದಾರಿ ಹೇಳಿದ ಹಾಗೆ. ಮಾರಿಕಾಂಬಾ ದೇವಸ್ಥಾನದ ಎದುರು ನಿಂತವರಿಗೆ ಅದು ಸರಿಯಾದ ಮನೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ಅದೇ ಮಾತು ನಂಬಿ ಹೋದರೆ ಬೇರೆ ಯಾರದೋ ಬಾಗಿಲು ತಟ್ಟುತ್ತಾರೆ. ಪ್ರೋಗ್ರಾಂ ಶುರುವಾಗುವಾಗ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಪ್ರೋಗ್ರಾಂ ಅಲ್ಲ, ಅದನ್ನು ಕರೆದವರು. ಶಾರ್ಟ್‌ಕಟ್ ಕರೆದರೆ ಶಾರ್ಟ್‌ಕಟ್ ಹೇಳಿದ ಜಾಗ.

ಈ ಏರ್ಪಾಡು ಮೂಲದಲ್ಲಿ ಕೆಟ್ಟದ್ದಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪು ಮಾಡುತ್ತಿದ್ದ ಕಾಲದ್ದು ಅದು. 1981ರಲ್ಲಿ ಬಂದ ಮೊದಲ ಎಂಎಸ್-ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. 1983ರ ಎರಡನೇ ಆವೃತ್ತಿಯಲ್ಲಿ ಬಂದವು. ಅದಕ್ಕೂ ಮೊದಲೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಯುನಿಕ್ಸ್‌ನಲ್ಲಿ ಇದ್ದವು. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನ್ನಿಸ್ ರಿಚಿ ಅದರ ಬೆಳವಣಿಗೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ಪ್ರಸಂಗ ಬರುತ್ತದೆ. ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸಿ ಓಡಿಸುವ ಹೊಸ ಪದ್ಧತಿಯನ್ನು ಅವರು ತಂದಾಗ, ಫೋಲ್ಡರ್ ಬದಲಿಸುವ ಆಜ್ಞೆ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿತು. ತಲೆ ಕೆಡಿಸಿಕೊಂಡು ಕೋಡನ್ನೆಲ್ಲ ಓದಿದ ಮೇಲೆ ಗೊತ್ತಾದದ್ದು: ಆಜ್ಞೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು, ಆದರೆ ಬದಲಾಗುತ್ತಿದ್ದದ್ದು ಆ ಆಜ್ಞೆಗಾಗಿ ಹುಟ್ಟಿದ ಪ್ರೋಗ್ರಾಮಿನ ಫೋಲ್ಡರ್, ಅದು ಕೂಡಲೇ ಮುಗಿದುಹೋಗುತ್ತಿತ್ತು, ಬಳಸುವವರು ನಿಂತಲ್ಲೇ ಇರುತ್ತಿದ್ದರು. ಕೊನೆಗೆ ಆ ಆಜ್ಞೆಯನ್ನು, ಆಜ್ಞೆಗಳನ್ನು ಓದಿ ನಡೆಸುವ ಶೆಲ್ಲಿನ ಒಳಗೇ ಸೇರಿಸಬೇಕಾಯಿತು. ಈ ಏರ್ಪಾಡನ್ನು ಕಟ್ಟಿದವರಿಗೇ ‘ಯಾರು ಎಲ್ಲಿ ನಿಂತಿದ್ದಾರೆ’ ಎಂಬುದು ಒಮ್ಮೆಗೆ ಹೊಳೆಯಲಿಲ್ಲ. ಅಂಗಡಿಯ ಹುಡುಗಿಗೆ ಹೊಳೆಯಬೇಕಿತ್ತು ಎಂದು ಯಾವ ಬಾಯಲ್ಲಿ ಹೇಳುವುದು?

ಆಜ್ಞೆ ಟೈಪು ಮಾಡುವವರಿಗೆ ತಾವು ಯಾವ ಫೋಲ್ಡರಿನಲ್ಲಿದ್ದೇವೆ ಎಂಬುದು ಕಣ್ಣೆದುರೇ ಕಾಣುತ್ತದೆ. ಅವರು ಬೇಕೆಂದೇ ಅಲ್ಲಿಗೆ ಹೋಗಿರುತ್ತಾರೆ. ಅಲ್ಲಿ ವರ್ಕಿಂಗ್ ಡೈರೆಕ್ಟರಿಯನ್ನು ನಂಬುವುದು ಸರಿಯೇ. ಇವತ್ತಿಗೂ ಕೋಡ್ ಬರೆಯುವವರ ಉಪಕರಣಗಳು ಹಾಗೇ ನಡೆಯುತ್ತವೆ. ಆದರೆ 1995ರ ವಿಂಡೋಸ್ ಡೆಸ್ಕ್‌ಟಾಪಿನ ಮೇಲೆ ಶಾರ್ಟ್‌ಕಟ್ ಇಡುವುದನ್ನು ಮನೆಮನೆಗೆ ತಂದ ಮೇಲೆ ಸ್ಥಿತಿ ಬೇರೆ. ಐಕಾನ್ ಒತ್ತುವವರು ಯಾವ ಫೋಲ್ಡರಿನಲ್ಲೂ ನಿಂತಿಲ್ಲ. ನಿಲ್ಲಬೇಕಾದ ಅಗತ್ಯವೇ ಇಲ್ಲ ಎಂಬುದಕ್ಕಾಗಿಯೇ ಐಕಾನ್ ಬಂದದ್ದು. ಅವರು ಆಯ್ದುಕೊಳ್ಳದ, ಅವರ ಕಣ್ಣಿಗೆ ಕಾಣದ ಒಂದು ಜಾಗವನ್ನು ನೆಚ್ಚಿ ಅವರ ವರ್ಷದ ಲೆಕ್ಕವನ್ನು ಹುಡುಕುವುದು ಅನ್ಯಾಯ.

ಆ ಜಾಗವಾದರೂ ಒಂದೇ ಇರುತ್ತದೆಯೇ ಎಂದರೆ ಅದೂ ಇಲ್ಲ. ಪ್ರೋಗ್ರಾಮಿನ ಫೈಲಿನ ಮೇಲೇ ಡಬಲ್ ಕ್ಲಿಕ್ ಮಾಡಿದರೆ ಅದರ ಸ್ವಂತ ಫೋಲ್ಡರ್. ಆ ಪ್ರೋಗ್ರಾಮಿನಲ್ಲಿ ಮಾಡಿಟ್ಟ ಒಂದು ದಾಖಲೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಆ ದಾಖಲೆ ಇರುವ ಫೋಲ್ಡರ್. ಪ್ರಿಂಟರ್ ತೊಂದರೆ ಕೊಟ್ಟಿತೆಂದು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿದರೆ ಅನೇಕ ಬಾರಿ ವಿಂಡೋಸಿನ ಒಳಗಿನ ಸಿಸ್ಟಮ್32 ಫೋಲ್ಡರ್. ರಾತ್ರಿ ತಾನಾಗಿ ಬ್ಯಾಕಪ್ ಆಗಲಿ ಎಂದು ಟಾಸ್ಕ್ ಶೆಡ್ಯೂಲರಿನಲ್ಲಿ ಹಾಕಿ, ‘ಸ್ಟಾರ್ಟ್ ಇನ್’ ಖಾಲಿ ಬಿಟ್ಟರೆ ಮತ್ತೆ ಅದೇ ಸಿಸ್ಟಮ್32. ಅಲ್ಲಿ ‘ಸ್ಟಾರ್ಟ್ ಇನ್’ ಪಕ್ಕದಲ್ಲಿ ಐಚ್ಛಿಕ ಎಂದೇ ಬರೆದಿದೆ. ಹಾಗೆ ನಂಬಿ ಬಿಟ್ಟವರ ಬ್ಯಾಕಪ್ ರಾತ್ರಿ ರಾತ್ರಿ ವಿಫಲವಾಗುತ್ತಿದ್ದರೂ ಹಗಲು ಯಾರಿಗೂ ತಿಳಿಯದು. ಮ್ಯಾಕ್‌ನಲ್ಲಿ ಐಕಾನ್ ಒತ್ತಿದರೆ ಇಡೀ ಡಿಸ್ಕಿನ ಬುಡ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವವರ ಹೋಮ್ ಫೋಲ್ಡರ್. ಬೇರೆ ಬೇಕಿದ್ದರೆ ಶಾರ್ಟ್‌ಕಟ್ ಫೈಲಿನಲ್ಲಿ ‘ಪಾತ್’ ಎಂಬ ಸಾಲು ಬರೆಯಬೇಕು. ಇನ್ನೊಂದು ಸೂಕ್ಷ್ಮವಿದೆ. ವಿಂಡೋಸಿನ ಫೈಲ್ ಆರಿಸುವ ಕಿಟಕಿಯಲ್ಲಿ ಬೇರೆ ಫೋಲ್ಡರಿಗೆ ಹೋಗಿ ಒಂದು ಫೈಲು ಆರಿಸಿದರೆ, ಪ್ರೋಗ್ರಾಮಿನ ವರ್ಕಿಂಗ್ ಡೈರೆಕ್ಟರಿ ನಡುವೆಯೇ ಅಲ್ಲಿಗೆ ಸರಿದುಬಿಡಬಹುದು. ಬೆಳಿಗ್ಗೆ ಸರಿ ಇತ್ತು, ಪೆನ್‌ಡ್ರೈವಿನಿಂದ ಒಂದು ಫೈಲು ತೆಗೆದುಕೊಂಡ ಮೇಲೆ ಕೆಟ್ಟಿತು ಎಂದು ಯಾರಾದರೂ ಹೇಳಿದರೆ ನಾನು ವೈರಸ್ ಹುಡುಕುವ ಮೊದಲು ಇದನ್ನು ನೋಡುತ್ತೇನೆ. ಆ ಪೆನ್‌ಡ್ರೈವನ್ನು ತೆಗೆಯಲು ಹೋದಾಗ “ಬಳಕೆಯಲ್ಲಿದೆ” ಎಂದು ಕಂಪ್ಯೂಟರ್ ಬಿಡದಿರುವುದಕ್ಕೂ ಎಷ್ಟೋ ಸಲ ಕಾರಣ ಇದೇ: ಯಾವುದೋ ಪ್ರೋಗ್ರಾಂ ಅದರೊಳಗೆ ನಿಂತುಬಿಟ್ಟಿರುತ್ತದೆ.

ಬರೆದವರಿಗೆ ಫೋನ್ ಮಾಡಿದರೆ ಬರುವ ಉತ್ತರ ನನಗೆ ಬಾಯಿಪಾಠ. “ನಮ್ಮಲ್ಲಿ ಸರಿಯಾಗಿ ಓಡ್ತಾ ಇದೆಯಲ್ಲ ಮೇಡಂ.” ಅವರು ಸುಳ್ಳು ಹೇಳುತ್ತಿಲ್ಲ. ಅವರು ಪ್ರೋಗ್ರಾಮನ್ನು ಓಡಿಸಿ ನೋಡುವುದು ಕೋಡ್ ಬರೆಯುವ ಸಾಫ್ಟ್‌ವೇರಿನ ಒಳಗಿಂದ. ವಿಷುಯಲ್ ಸ್ಟುಡಿಯೋದಲ್ಲಿ ಸಿ++ ಪ್ರೋಗ್ರಾಂ ಓಡಿಸಿದರೆ, ಬೇರೆ ಏನೂ ಹೇಳದಿದ್ದಲ್ಲಿ, ಅದು ಪ್ರಾಜೆಕ್ಟಿನ ಫೋಲ್ಡರನ್ನೇ ವರ್ಕಿಂಗ್ ಡೈರೆಕ್ಟರಿಯಾಗಿ ಕೊಡುತ್ತದೆ. ಅಲ್ಲಿ ಚಿತ್ರ, ಸೆಟ್ಟಿಂಗ್ ಫೈಲು, ಡೇಟಾಬೇಸ್ ಎಲ್ಲ ಇರುತ್ತವೆ. ಪ್ರೋಗ್ರಾಂ ನಗುನಗುತ್ತ ಓಡುತ್ತದೆ. ಅದನ್ನು ಗಿರಾಕಿಯ ಕಂಪ್ಯೂಟರಿನಲ್ಲಿ, ಗಿರಾಕಿಯ ಐಕಾನಿನಿಂದ, ಗಿರಾಕಿಯ ಲಾಗಿನ್ನಿನಲ್ಲಿ ತೆರೆದು ನೋಡದೆ “ಸರಿಯಾಗಿದೆ” ಎನ್ನುವ ಹಕ್ಕು ಯಾರಿಗೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ಕಂಪನಿಗಳಿಗೂ ಈ ಹಳೆಯ ಅಭ್ಯಾಸದ ಬಿಸಿ ತಟ್ಟಿದೆ. ಹಿಂದೆ ಪ್ರೋಗ್ರಾಂಗಳು ತಮ್ಮ ಫೋಲ್ಡರಿನಲ್ಲೇ ಡೇಟಾ ಬರೆದುಕೊಳ್ಳುತ್ತಿದ್ದವು. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ತಾ, ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಬರೆಯುವುದನ್ನು ಸಾಮಾನ್ಯ ಬಳಕೆದಾರರಿಗೆ ತಡೆಯಿತು. ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಅವು ಬರೆದದ್ದನ್ನು ಗುಟ್ಟಾಗಿ ಆ ಬಳಕೆದಾರರ ‘ವರ್ಚುವಲ್ ಸ್ಟೋರ್’ ಎಂಬ ಫೋಲ್ಡರಿಗೆ ತಿರುಗಿಸಿತು. ಉದ್ದೇಶ ಒಳ್ಳೆಯದೇ. ಆದರೆ ಒಂದೇ ಕಂಪ್ಯೂಟರಿನಲ್ಲಿ ಅಣ್ಣನ ಲಾಗಿನ್ನಿನಲ್ಲಿ ಕಂಡ ಲೆಕ್ಕ ತಮ್ಮನ ಲಾಗಿನ್ನಿನಲ್ಲಿ ಕಾಣದೆ ಜಗಳವಾದ ಮನೆಯನ್ನು ನಾನು ನೋಡಿದ್ದೇನೆ. ಇಬ್ಬರೂ ಇನ್ನೊಬ್ಬ ಅಳಿಸಿದ ಎಂದೇ ನಂಬಿದ್ದರು. ಎರಡೂ ಲೆಕ್ಕ ಇಬ್ಬರ ಹೆಸರಿನ ಅಡಿಯ ಬೇರೆ ಬೇರೆ ಫೋಲ್ಡರಿನಲ್ಲಿ ಭದ್ರವಾಗಿದ್ದವು.

ಭದ್ರತೆಯ ಪ್ರಶ್ನೆಯೂ ಇದೆ. ವಿಂಡೋಸ್ ಪ್ರೋಗ್ರಾಂಗಳು ತಮಗೆ ಬೇಕಾದ ಕೋಡ್ ಇರುವ ಡಿಎಲ್‌ಎಲ್ ಫೈಲುಗಳನ್ನು ಹುಡುಕುವ ಜಾಗಗಳ ಪಟ್ಟಿಯಲ್ಲಿ ವರ್ಕಿಂಗ್ ಡೈರೆಕ್ಟರಿಯೂ ಸೇರಿತ್ತು. 2010ರ ಆಗಸ್ಟಿನಲ್ಲಿ ಸಂಶೋಧಕರು ಇದರ ಅಪಾಯವನ್ನು ಬಯಲು ಮಾಡಿದರು: ಕಿಡಿಗೇಡಿಯೊಬ್ಬ ಹಂಚಿಕೊಂಡ ಫೋಲ್ಡರಿನಲ್ಲಿ ಒಂದು ಸಾಮಾನ್ಯ ದಾಖಲೆಯ ಪಕ್ಕ ಕೆಟ್ಟ ಡಿಎಲ್‌ಎಲ್ ಇಟ್ಟರೆ ಸಾಕು, ದಾಖಲೆ ತೆರೆದವರ ಪ್ರೋಗ್ರಾಂ ಅದನ್ನು ತನ್ನದೆಂದು ಎತ್ತಿಕೊಳ್ಳಬಹುದು. ಒಂದೆರಡಲ್ಲ, ಹಲವು ಹೆಸರಾಂತ ಪ್ರೋಗ್ರಾಂಗಳಲ್ಲಿ ಈ ಕಂಡಿ ಇತ್ತು. ಮೈಕ್ರೋಸಾಫ್ಟ್ ಎಚ್ಚರಿಕೆ ಹೊರಡಿಸಬೇಕಾಯಿತು.

ಪರಿಹಾರ ಕಷ್ಟದ್ದಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಓಡುತ್ತಿರುವ ಪ್ರೋಗ್ರಾಂ ತನ್ನ ಫೈಲು ಎಲ್ಲಿದೆ ಎಂದು ಕಂಪ್ಯೂಟರನ್ನೇ ಕೇಳಿ ತಿಳಿದುಕೊಳ್ಳಬಲ್ಲದು. ವಿಂಡೋಸ್ ಅದಕ್ಕೆ ಹಳೆಯ ಕಾಲದಿಂದಲೂ ದಾರಿ ಕೊಟ್ಟಿದೆ. ವಿಷುಯಲ್ ಬೇಸಿಕ್, ಡಾಟ್‌ನೆಟ್, ಪೈಥಾನ್, ಕ್ಯೂಟಿ ಎಲ್ಲದರಲ್ಲೂ ಒಂದೆರಡು ಸಾಲಿನ ಕೆಲಸ. ಜೊತೆಗೆ ಬಂದ ಚಿತ್ರ, ಫಾರ್ಮ್‌ಗಳನ್ನು ಆ ಜಾಗದಿಂದ ಲೆಕ್ಕ ಹಾಕಿ ಹುಡುಕಲಿ. ಗಿರಾಕಿಯ ಡೇಟಾ ಎಲ್ಲಿದೆ ಎಂಬುದನ್ನು ಮೊದಲ ಸಲವೇ ಕೇಳಿ, ಪೂರ್ತಿ ವಿಳಾಸದೊಂದಿಗೆ ಒಂದು ಸೆಟ್ಟಿಂಗಿನಲ್ಲಿ ಬರೆದಿಡಲಿ. ಯಾವ ವರ್ಷದ ಲೆಕ್ಕ ಬೇಕು ಎಂಬುದನ್ನು ಪ್ರೋಗ್ರಾಂ ತೆರೆದ ಮೇಲೆ ಮೆನುವಿನಲ್ಲಿ ಕೇಳಲಿ, ಐಕಾನಿನ ಬೆನ್ನ ಹಿಂದೆ ಬಚ್ಚಿಡುವುದು ಬೇಡ.

ಎಲ್ಲಕ್ಕಿಂತ ಮುಖ್ಯ, ಡೇಟಾ ಸಿಗದಿದ್ದರೆ ಕೇಳದೆ ಹೊಸದನ್ನು ಸೃಷ್ಟಿಸಕೂಡದು. ಇದನ್ನು ನಾನು ಫಾಕ್ಸ್‌ಪ್ರೋದಂಥ ಹಳೆಯದನ್ನು ಮಾತ್ರ ಕಣ್ಣಿಟ್ಟು ಹೇಳುತ್ತಿಲ್ಲ. ಇವತ್ತಿನ ಹುಡುಗರು ಇಷ್ಟಪಟ್ಟು ಬಳಸುವ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಉಪಕರಣ ಕೂಡ, ಹೇಳಿದ ಹೆಸರಿನ ಡೇಟಾಬೇಸ್ ಅಲ್ಲಿ ಇಲ್ಲದಿದ್ದರೆ, ಬೇರೆ ರೀತಿ ಹೇಳದ ಹೊರತು ಹೊಸ ಖಾಲಿ ಡೇಟಾಬೇಸನ್ನು ತೆರೆದುಕೊಡುತ್ತದೆ. ಬರೀ ಹೆಸರು ಕೊಟ್ಟು ಅದನ್ನು ತೆರೆದರೆ, ಐಕಾನ್ ಬದಲಾದ ದಿನ ಅಂಗಡಿಯ ಲೆಕ್ಕ ಖಾಲಿ. ಹಳೆಯ ಗ್ರಂಥಾಲಯವೊಂದರ ಪುಸ್ತಕ ಪಟ್ಟಿ ಹೀಗೆ ಎರಡು ಫೋಲ್ಡರುಗಳಲ್ಲಿ ಹರಿದುಹೋಗಿತ್ತು. ಎರಡನ್ನೂ ಕೂಡಿಸಲು ಅಲ್ಲಿಯವರು ಪಟ್ಟ ಪಾಡು ಕಂಡಿದ್ದೇನೆ. ಫೈಲು ಸಿಗದಿದ್ದರೆ ಪರದೆಯ ಮೇಲೆ ಕನ್ನಡದಲ್ಲಿ ಇಷ್ಟು ಬರಲಿ: “ಖಾತೆಯ ಫೈಲನ್ನು ಈ ಫೋಲ್ಡರಿನಲ್ಲಿ ಹುಡುಕಿದೆ, ಸಿಗಲಿಲ್ಲ. ಬೇರೆ ಕಡೆ ಇದ್ದರೆ ತೋರಿಸಿ.” ಯಾವ ಫೋಲ್ಡರ್ ಎಂಬುದು ಪೂರ್ತಿ ಇರಲಿ. ಆ ಒಂದು ಸಾಲು ಇದ್ದರೆ ನನ್ನಂಥವರನ್ನು ಕರೆಸುವ ಖರ್ಚೂ ಉಳಿದೀತು, ಉಳಿಯಲಿ.

ಕನ್ನಡದ ಮಾತು ಬಂದದ್ದರಿಂದ ಒಂದು ವಿಷಯ. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡುವವರು ಈಗ ಹೆಚ್ಚುತ್ತಿದ್ದಾರೆ, ಅದು ಸಂತೋಷ. ಆದರೆ ಯೂನಿಕೋಡ್ ಅರಿಯದ ಹಳೆಯ ಪ್ರೋಗ್ರಾಂಗಳಿಗೆ ಆ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ, ಏಕೆಂದರೆ ವಿಂಡೋಸಿನ ಹಳೆಯ ಅಕ್ಷರ ಕೋಷ್ಟಕಗಳಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ‘ಸ್ಟಾರ್ಟ್ ಇನ್’ ಸರಿಯಿದ್ದೂ ಫೈಲು ಸಿಗುವುದಿಲ್ಲ. ಹೊಸದಾಗಿ ಬರೆಯುವವರು ಕನ್ನಡ ಹೆಸರಿನ ಫೋಲ್ಡರಿನಲ್ಲಿ ಒಮ್ಮೆ ಓಡಿಸಿ ನೋಡಲೇಬೇಕು. ನಮ್ಮ ಭಾಷೆಯಲ್ಲಿ ಹೆಸರಿಟ್ಟದ್ದು ಅಪರಾಧವಾಗಬಾರದು.

ಎಲ್ಲವೂ ಬ್ರೌಸರಿಗೆ ಹೋಗುತ್ತಿದೆ, ಇನ್ನು ಈ ತಾಪತ್ರಯ ಯಾಕೆ ಎನ್ನುವವರಿದ್ದಾರೆ. ಹೌದು, 2022ರ ಜೂನಿನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಬಗೆಯ ಸಾಫ್ಟ್‌ವೇರಿಗೆ ತರುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಘಗಳ ಮಟ್ಟಿಗೆ ಅದು ದೊಡ್ಡ ಹೆಜ್ಜೆ. ಆದರೆ ದಲಾಲಿ ಅಂಗಡಿಗೆ, ಗಿರಣಿಗೆ, ಸಣ್ಣ ಮುದ್ರಣಾಲಯಕ್ಕೆ ಅಂಥದ್ದು ಬಂದಿಲ್ಲ. ಫಾಕ್ಸ್‌ಪ್ರೋಗೆ ಮೈಕ್ರೋಸಾಫ್ಟ್ 2015ರಲ್ಲೇ ಬೆಂಬಲ ನಿಲ್ಲಿಸಿದೆ. ಆದರೂ ಅದರಲ್ಲಿ ಬರೆದ ಲೆಕ್ಕಗಳು ಇಲ್ಲಿ ಇವತ್ತೂ ನಡೆಯುತ್ತಿವೆ. ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಲೆಕ್ಕವನ್ನು ಬೇರೆ ಬೇರೆಯಾಗಿ ಇಡಲು, ರೈತರಿಗೆ ಕೊಟ್ಟ ಮುಂಗಡವನ್ನು ಬಿಲ್ಲಿನಲ್ಲೇ ಮುರಿದುಕೊಳ್ಳಲು ಊರಿನವರು ಬರೆದ ಆ ಸಾಫ್ಟ್‌ವೇರುಗಳಿಗೇ ಗೊತ್ತು. ಅವು ಉಳಿಯಬೇಕು ಎನ್ನುವವಳು ನಾನು. ಉಳಿಯಬೇಕಾದರೆ ನಂಬುವಂತೆ ಇರಬೇಕು.

ಡಿಪ್ಲೊಮಾ, ಇಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪರೀಕ್ಷೆಗೆ ಹೋಗುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದನ್ನು ನೋಡಿ ಅಂಕ ಹಾಕಬೇಡಿ. ಆ ಪ್ರೋಗ್ರಾಮನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿಸಿ, ಡೆಸ್ಕ್‌ಟಾಪಿನಿಂದ ತೆರೆಸಿ. ಅಲ್ಲಿ ಅರ್ಧದಷ್ಟು ವಿದ್ಯೆ ಬಯಲಾಗುತ್ತದೆ. ಹುಡುಗರು ಆ ದಿನ ಕಲಿತದ್ದನ್ನು ಮರೆಯುವುದಿಲ್ಲ.

ಅಂಗಡಿ ಯಜಮಾನರಿಗೂ ಹೇಳುವುದಿದೆ. ಈಗ ಇರುವ ಪ್ರತಿ ಐಕಾನಿನ ಪ್ರಾಪರ್ಟೀಸ್ ತೆರೆದು, ‘ಟಾರ್ಗೆಟ್’ ಮತ್ತು ‘ಸ್ಟಾರ್ಟ್ ಇನ್’ ಎರಡೂ ಸಾಲು ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಲೆಕ್ಕ ಬರೆಯುವವರ ಮೊಬೈಲಿನಲ್ಲೂ ಇರಲಿ. ಹಳೆಯ ಲೆಕ್ಕ ಕಾಣೆಯಾದರೆ ಗಾಬರಿಯಾಗಿ ಹೊಸದಾಗಿ ಏನನ್ನೂ ತುಂಬಬೇಡಿ, ತುಂಬಿಸಬೇಡಿ. ಹೊಸ ಸಾಫ್ಟ್‌ವೇರ್ ಬರೆಸುತ್ತಿದ್ದರೆ, ಬರೆದವರನ್ನು ನಿಮ್ಮ ಎದುರು ಕೂರಿಸಿಕೊಳ್ಳಿ. ಐಕಾನ್ ಅಳಿಸಿ ಹೊಸದು ಹಾಕಿಸಿ ತೆರೆಸಿ. ‘ಸ್ಟಾರ್ಟ್ ಇನ್’ ಖಾಲಿ ಮಾಡಿಸಿ ತೆರೆಸಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಸಿ, ಇನ್ನೊಬ್ಬರ ಲಾಗಿನ್ನಿನಲ್ಲಿ ತೆರೆಸಿ. ಪ್ರತಿ ಸಲವೂ ಅದೇ ರೈತರ ಅದೇ ಬಾಕಿ ಪರದೆಗೆ ಬರಬೇಕು. ಈ ಪರೀಕ್ಷೆಯನ್ನು ನಿಮ್ಮ ಲೆಕ್ಕ ಬರೆಯುವವರ ಕೈಯಲ್ಲೇ ಮಾಡಿಸಿ, ಅವರು ಸರಿ ಎಂದ ಮೇಲೆ ಕೊನೆಯ ಕಂತಿನ ಚೆಕ್ಕು ಬರೆಯಿರಿ.